ಪಶ್ಚಿಮ ಝೌ ವಂಶದ ಪತನ ಮತ್ತು ಉತ್ತರಾಧಿಕಾರದ ಪ್ರಶ್ನೆ

ಪ್ರಾಚೀನ ಚೀನಾದ ಝೌ ವಂಶವು ಕ್ರಿ.ಪೂ. 771ರಲ್ಲಿ ತನ್ನ ಪಶ್ಚಿಮ ರಾಜಧಾನಿಯನ್ನು ಕಳೆದುಕೊಂಡುದಕ್ಕೆ ಕಾರಣವಾಗಿ ಒಂದು ಕಥೆಯು ಬಹುಕಾಲದಿಂದ ಪ್ರಚಲಿತವಾಗಿದೆ. ಯೌ ದೊರೆಯ ಪ್ರೀತಿಪಾತ್ರಳಾದ ಬಾವೊ ಸಿ ಎಂಬುವಳು ಎಂದೂ ನಗುತ್ತಿರಲಿಲ್ಲವಂತೆ. ಆಕೆಯನ್ನು ನಗಿಸಲೆಂದು ದೊರೆಯು, ಶತ್ರುಗಳು ಬಂದಾಗ ಮಾತ್ರ ಹೊತ್ತಿಸಬೇಕಾದ ಎಚ್ಚರಿಕೆಯ ಬೆಂಕಿಗಳನ್ನು ಸುಮ್ಮಸುಮ್ಮನೆ ಹೊತ್ತಿಸಿದನು. ಸಾಮಂತರು ಸೇನಾಸಮೇತರಾಗಿ ಧಾವಿಸಿ ಬಂದು ಬೆಪ್ಪಾದರು, ರಾಣಿ ನಕ್ಕಳು. ಮುಂದೆ ನಿಜವಾದ ಶತ್ರು ಬಂದಾಗ ಯಾರೂ ಬರಲಿಲ್ಲ.

ಕಥೆಯೇನೋ ಸೊಗಸಾಗಿದೆ. ಆದರೆ ಇದನ್ನು ನಮಗೆ ಹೇಳುವ ಸೀಮಾ ಚಿಯನ್ ಬದುಕಿದ್ದುದು ಆ ಘಟನೆಗೆ ಸುಮಾರು ಏಳು ಶತಮಾನಗಳ ತರುವಾಯ. ಅವನಿಗಿಂತ ಹಿಂದಿನ ‘ಲ್ಯೂ ಷಿ ಚುನ್‌ಚಿಯು’ ಗ್ರಂಥದಲ್ಲಿ ಬೆಂಕಿಯಿಲ್ಲ, ನಗಾರಿಯಿದೆ. ಬಾವೊ ಸಿಯ ವಿಚಿತ್ರ ಜನನವೃತ್ತಾಂತವನ್ನು ವಿಸ್ತಾರವಾಗಿ ಹೇಳುವ ‘ಗುವೊಯು’ವಿನಲ್ಲಿಯಂತೂ ಬೆಂಕಿಯ ಪ್ರಸ್ತಾಪವೇ ಇಲ್ಲ. ಕಥೆಯು ಬೆಳೆಯುತ್ತ ಬಂದುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಪತನದ ಮೂಲವನ್ನು ನಾವು ರಾಣಿಯ ನಗೆಯಲ್ಲಲ್ಲ, ಸಿಂಹಾಸನದ ಹಕ್ಕಿನಲ್ಲಿ ಹುಡುಕಬೇಕಾಗಿದೆ.

ಝೌ ದೊರೆಗಳಿಗೆ ಹಿಂದಿನ ಷಾಂಗ್ ವಂಶದಲ್ಲಿ ಅಣ್ಣನ ತರುವಾಯ ತಮ್ಮನು ಪಟ್ಟವೇರುವುದು ಅಪರೂಪವಾಗಿರಲಿಲ್ಲ. ಝೌ ವಂಶದವರಾದರೋ ಪಟ್ಟದರಸಿಯ ಹಿರಿಯ ಮಗನಿಗೇ ರಾಜ್ಯವೆಂಬ ನಿಯಮವನ್ನು ಹಿಡಿದರು. ವೂ ದೊರೆಯಿಂದ ಯೌ ದೊರೆಯವರೆಗಿನ ಹನ್ನೆರಡು ಮಂದಿಯಲ್ಲಿ, ಪರಂಪರೆಯ ಪಟ್ಟಿಯಂತೆ, ತಂದೆಯಿಂದ ಮಗನಿಗೆ ಎಂಬ ಕ್ರಮವು ತಪ್ಪಿದುದು ಷಿಯಾವೊ ಎಂಬವನು ತನ್ನ ಅಣ್ಣನ ಮಗನ ಅನಂತರ ಪಟ್ಟವೇರಿದಾಗ ಮಾತ್ರ. ಅವನ ತರುವಾಯ ರಾಜ್ಯವು ಮರಳಿ ಹಿರಿಯ ಶಾಖೆಗೇ ಸಂದಿತು. ಸಾಮಂತರಲ್ಲಿ ಅನೇಕರು ರಾಜವಂಶದ ಶಾಖೆಗಳಿಗೇ ಸೇರಿದವರಾದುದರಿಂದ ಈ ನಿಯಮವು ಅವರ ಮನೆಗಳನ್ನೂ ಕಾಯುತ್ತಿತ್ತು.

ಇದನ್ನು ಮೊದಲು ಸಡಿಲಿಸಿದವನು ಯೌ ದೊರೆಯಲ್ಲ, ಅವನ ತಂದೆ ಷ್ವಾನ್ (ಕ್ರಿ.ಪೂ. 827–782). ಲೂ ರಾಜ್ಯದ ಅಧಿಪತಿಯು ತನ್ನ ಇಬ್ಬರು ಮಕ್ಕಳೊಡನೆ ಆಸ್ಥಾನಕ್ಕೆ ಬಂದಾಗ ಷ್ವಾನನು ಕಿರಿಯನನ್ನು ಮೆಚ್ಚಿ ಅವನನ್ನೇ ಉತ್ತರಾಧಿಕಾರಿಯೆಂದು ನೇಮಿಸಿದನು. ಹೀಗೆ ಮಾಡುವುದು ಪ್ರಜೆಗಳಿಗೆ ಅವಿಧೇಯತೆಯನ್ನು ಕಲಿಸಿದಂತೆ ಎಂದು ಮಂತ್ರಿಯು ಎಚ್ಚರಿಸಿದುದು ವ್ಯರ್ಥವಾಯಿತು. ಮುಂದೆ ಹಿರಿಯನ ಮಗನು ಚಿಕ್ಕಪ್ಪನನ್ನು ಕೊಂದು ಅಧಿಕಾರವನ್ನು ಹಿಡಿದನು, ಕ್ರಿ.ಪೂ. 796ರಲ್ಲಿ ದೊರೆಯೇ ಲೂ ರಾಜ್ಯದ ಮೇಲೆ ದಂಡೆತ್ತಿ ಹೋಗಬೇಕಾಯಿತು. ಸಾಮಂತರ ಮನಸ್ಸು ಒಡೆದುದು ಅಂದಿನಿಂದಲೇ ಎಂದು ‘ಗುವೊಯು’ ಹೇಳುತ್ತದೆ.

ಯೌ ದೊರೆಯು ಇದೇ ಕೆಲಸವನ್ನು ತನ್ನ ಮನೆಯಲ್ಲಿಯೇ ಮಾಡಿದನು. ಷೆನ್ ವಂಶದ ರಾಣಿಯಲ್ಲಿ ಹುಟ್ಟಿದ ಯುವರಾಜ ಯಿಜಿಯುವನ್ನು ಹೊರದೂಡಿ ಬಾವೊ ಸಿಯ ಮಗನಾದ ಬೋಪಾನನಿಗೆ ಆ ಸ್ಥಾನವನ್ನು ಕೊಟ್ಟನು. ಮುಂದಿನ ಸಂಗತಿಗಳ ಮೇಲೆ ‘ಷಿನಿಯನ್’ ಎಂಬ ದಾಖಲೆಯು ಹೊಸ ಬೆಳಕನ್ನು ಚೆಲ್ಲಿದೆ. ಇದು 2008ರಲ್ಲಿ ಬೀಜಿಂಗಿನ ತ್ಸಿಂಗ್ಹುವಾ ವಿಶ್ವವಿದ್ಯಾನಿಲಯಕ್ಕೆ ದೊರೆತ ಬಿದಿರುಪಟ್ಟಿಗಳಲ್ಲಿದ್ದು 2011ರಲ್ಲಿ ಪ್ರಕಟವಾಯಿತು. ಈ ಪಟ್ಟಿಗಳು ಕ್ರಮಬದ್ಧವಾದ ಉತ್ಖನನದಲ್ಲಿ ಸಿಕ್ಕಿದವಲ್ಲವೆಂಬುದನ್ನು ಮರೆಯಬಾರದು. ಆದರೂ ಇಂಗಾಲದ ಪರೀಕ್ಷೆಯು ಅವುಗಳ ಕಾಲವನ್ನು ಕ್ರಿ.ಪೂ. 300ರ ಆಸುಪಾಸಿಗೆ ಒಯ್ಯುತ್ತದೆ. ಅದರಂತೆ, ಮೊದಲು ದಂಡೆತ್ತಿದವನು ಯೌ ದೊರೆಯೇ. ಸೋದರಮಾವನ ಮನೆತನದ ಆಶ್ರಯದಲ್ಲಿದ್ದ ಮಗನನ್ನು ಹಿಡಿಯಲು ಅವನು ಷೆನ್ ರಾಜ್ಯವನ್ನು ಮುತ್ತಿದನು. ಷೆನ್ ಜನರು ಹುಡುಗನನ್ನು ಒಪ್ಪಿಸಲಿಲ್ಲ. ತ್ಸೆಂಗ್ ಜನರು ಪಶ್ಚಿಮದ ರೋಂಗರೊಡನೆ ಕೂಡಿ ದೊರೆಯ ಮೇಲೆ ಬಿದ್ದರು. ದೊರೆಯೂ ಬೋಪಾನನೂ ಮಡಿದರು. ಇಲ್ಲಿ ಎಚ್ಚರಿಕೆಯ ಬೆಂಕಿಗೆ ಎಡೆಯಾದರೂ ಎಲ್ಲಿ?

ಯಿಜಿಯು, ಅಂದರೆ ಮುಂದೆ ಪಿಂಗ್ ಎನಿಸಿಕೊಂಡ ದೊರೆ, ಕೂಡಲೇ ನಿಷ್ಕಂಟಕವಾಗಿ ಪಟ್ಟವೇರಿದನೆಂದು ಪಠ್ಯಗಳು ಹೇಳುತ್ತವೆ. ವಸ್ತುಸ್ಥಿತಿ ಹಾಗಿರಲಿಲ್ಲ. ತಂದೆಯ ಸಾವಿಗೆ ನಿಮಿತ್ತನಾದ ಮಗನನ್ನು ಎಲ್ಲರೂ ಒಪ್ಪಲಿಲ್ಲವೆಂದು ತೋರುತ್ತದೆ. ಯೌ ದೊರೆಯ ತಮ್ಮನಾದ ಯೂಚೆನ್‌ನನ್ನು ಗುವೊ ರಾಜ್ಯದಲ್ಲಿ ಪಟ್ಟಕ್ಕೇರಿಸಲಾಯಿತು. ಅವನು ಇಪ್ಪತ್ತೊಂದು ವರ್ಷ ಆಳಿ, ಜಿನ್ ರಾಜ್ಯದ ಅಧಿಪತಿ ವೆನ್ ಎಂಬವನಿಂದ ಹತನಾದನು. ಕ್ರಿ.ಶ. 280ರ ಸುಮಾರಿನಲ್ಲಿ ಒಂದು ಸಮಾಧಿಯಿಂದ ಹೊರಬಂದ ‘ಬಿದಿರು ವಾರ್ಷಿಕ’ಗಳೂ ಇಬ್ಬರು ದೊರೆಗಳು ಏಕಕಾಲದಲ್ಲಿ ಇದ್ದರೆಂದೇ ಹೇಳುತ್ತವೆ. ‘ಷಿನಿಯನ್’ ಇನ್ನೂ ಮುಂದೆ ಹೋಗಿ, ಒಂಬತ್ತು ವರ್ಷ ಝೌ ರಾಜ್ಯಕ್ಕೆ ದೊರೆಯೇ ಇರಲಿಲ್ಲ, ಸಾಮಂತರು ಆಸ್ಥಾನಕ್ಕೆ ಬರುವುದನ್ನು ಬಿಟ್ಟರು, ಬಳಿಕ ವೆನ್ ಪಿಂಗನನ್ನು ಕರೆತಂದು ಸ್ಥಾಪಿಸಿದನು ಎನ್ನುತ್ತದೆ. ಈ ಒಂಬತ್ತು ವರ್ಷಗಳನ್ನು ಎಲ್ಲಿಂದ ಎಣಿಸಬೇಕೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಯೂಚೆನ್‌ನ ಮರಣದಿಂದ ಎಣಿಸಿದರೆ ಕ್ರಿ.ಪೂ. 741ಕ್ಕೆ ಬರುತ್ತೇವೆ, ಸೀಮಾ ಚಿಯನ್ನನ ಲೆಕ್ಕದಂತೆ ವೆನ್ 746ರಲ್ಲಿಯೇ ತೀರಿಕೊಂಡಿದ್ದನು. ಆದುದರಿಂದ ಯೌ ದೊರೆಯ ಮರಣದಿಂದ ಎಣಿಸುವುದೇ ಯುಕ್ತವೆಂದು ನಮಗೆ ತೋರುತ್ತದೆ. ಹೇಗೆಣಿಸಿದರೂ, ರಾಜಧಾನಿಯು ಪೂರ್ವದ ಲುವೊಯಾಂಗಿಗೆ 770ರಲ್ಲಿಯೇ ಸ್ಥಳಾಂತರಗೊಂಡಿತೆಂಬ ಪ್ರಸಿದ್ಧವಾದ ತೇದಿಯು ಈ ದಾಖಲೆಗೆ ಹೊಂದುವುದಿಲ್ಲ.

ಸಾಮಂತನೊಬ್ಬನು ಒಬ್ಬ ದೊರೆಯನ್ನು ಕೊಂದು ಇನ್ನೊಬ್ಬನನ್ನು ಕೂರಿಸಿದ ಬಳಿಕ ದೊರೆತನದಲ್ಲಿ ಉಳಿದುದು ಯಜ್ಞಯಾಗಾದಿಗಳ ಗೌರವವಷ್ಟೆ. ಆ ಹೆಸರು ಕ್ರಿ.ಪೂ. 256ರವರೆಗೆ ಬಾಳಿತು. ಆದರೆ 707ರಲ್ಲಿಯೇ, ಪಿಂಗನ ಮೊಮ್ಮಗನಾದ ಹುವಾನ್ ದೊರೆಯು ಝೆಂಗ್ ರಾಜ್ಯವನ್ನು ದಂಡಿಸಹೋಗಿ ಸೋತು, ಭುಜಕ್ಕೆ ಬಾಣ ತಗುಲಿಸಿಕೊಂಡು ಹಿಂದಿರುಗಿದನು. ಆ ಝೆಂಗ್ ಮನೆತನವೂ ಝೌ ವಂಶದ್ದೇ ಒಂದು ಶಾಖೆ. ಅದರ ಮೂಲಪುರುಷನು ಷ್ವಾನ್ ದೊರೆಯ ತಮ್ಮ.