ಮನೆತನದ ಹೆಸರಿನ ಕಪ್

ನಮ್ಮ ಹೆಮ್ಮಾಡಿ ಬದಿಯಲ್ಲಿ ಟೂರ್ನಮೆಂಟ್ ಅಂದರೆ ರಾತ್ರಿ ಲೈಟಿನಡಿ ವಾಲಿಬಾಲ್, ಕಬಡ್ಡಿ. ತಂಡಕ್ಕೆ ಊರಿನದೋ ಯುವಕ ಮಂಡಲದ್ದೋ ಹೆಸರು. ಕೊಡವರು ಹಾಕಿಯಲ್ಲಿ ತಂಡಕ್ಕೆ ಮನೆತನದ ಹೆಸರನ್ನೇ ಇಟ್ಟರು. ಅದನ್ನು ಕಂಡರೆ ನನಗೆ ಸಣ್ಣ ಹೊಟ್ಟೆಕಿಚ್ಚು.

ಚದುರಿದ ಕುಟುಂಬಗಳು ಒಂದೆಡೆ ಸೇರಲೆಂದು ಪಾಂಡಂಡ ಕುಟ್ಟಪ್ಪ 1997ರಲ್ಲಿ ಕೊಡಗಿನ ಕರಡದಲ್ಲಿ ಈ ಹಾಕಿ ಕೂಟವನ್ನು ಶುರು ಮಾಡಿದಾಗ ಬಂದವು 60 ಕುಟುಂಬ. ಪ್ರತಿ ಸಲ ಒಂದೊಂದು ಮನೆತನದ ಆತಿಥ್ಯ. ಕೂಟಕ್ಕೂ ಅದರದೇ ಹೆಸರು. ನಾಕೌಟ್ ಆದ್ದರಿಂದ ಒಮ್ಮೆ ಸೋತರೆ ಮುಗಿಯಿತು. ಹೆಂಗಸರೂ ಗಂಡಸರೊಟ್ಟಿಗೆ ಅದೇ ತಂಡದಲ್ಲಿ ಸ್ಟಿಕ್ ಹಿಡಿಯುತ್ತಾರೆ.

2018ರ ಭೂಕುಸಿತ, ಆಮೇಲೆ ಕೋವಿಡ್ ಆಟ ನಿಲ್ಲಿಸಿದವು. 2023ರಲ್ಲಿ ನಾಪೋಕ್ಲುವಿನಲ್ಲಿ ಅಪ್ಪಚೆಟ್ಟೋಳಂಡ ಕುಟುಂಬ ಮತ್ತೆ ನಡೆಸಿತು. ಮರುವರ್ಷ ಅಲ್ಲಿಯೇ ಕುಂಡ್ಯೋಳಂಡ ಕಪ್‌ಗೆ 360 ತಂಡ! ಸರ್ಕಾರವೇ ಲೀಗು ನಡೆಸಿದರೂ ಅದು ಇಷ್ಟು ಮನೆಗಳ ಬಾಗಿಲು ತಟ್ಟೀತೇ?