ಹದಿಮೂರು ದಿನಗಳ ಮಂಗಳೂರು ಮತ್ತು ಜಂಗಮ ಲಾಂಛನ

1837ರ ಏಪ್ರಿಲ್ 5ರಂದು ಮಂಗಳೂರಿನ ಗುಡ್ಡದ ಮೇಲಿದ್ದ ಕಂಪೆನಿಯ ನಿಶಾನೆ ಕೆಳಗಿಳಿಯಿತು. ಹಾಲೇರಿ ಅರಸರ ಧ್ವಜ ಮೇಲೇರಿತು. ಆ ಸ್ಥಳಕ್ಕೆ ಬಾವುಟಗುಡ್ಡವೆಂಬ ಹೆಸರು ಇಂದಿಗೂ ಉಳಿದಿದೆ. ಕಲೆಕ್ಟರ್ ಲೆವಿನ್ ಮೊದಲಾದ ಅಧಿಕಾರಿಗಳು ಹಡಗನ್ನೇರಿ ಕಣ್ಣೂರಿಗೆ ಪಲಾಯನ ಮಾಡಿದರು. ಹದಿಮೂರು ದಿನಗಳ ಕಾಲ ನಗರವು ರೈತರ ದಂಡಿನ ವಶದಲ್ಲಿದ್ದಿತು. ಈ ದಂಡಿನ ನಾಯಕನನ್ನು ಜನರು ಕಲ್ಯಾಣಸ್ವಾಮಿಯೆಂದು ಭಕ್ತಿಯಿಂದ ಕರೆದರು. ಆಂಗ್ಲರು ಅವನನ್ನು ವೇಷಧಾರಿ ವಂಚಕನೆಂದರು. ವಚನ ಸಾಹಿತ್ಯದ ಅಭ್ಯಾಸಿಗಳು ಈ ಎರಡನೆಯ ಮಾತನ್ನು ಪರಿಶೀಲಿಸದೆ ಬಿಡುವಂತಿಲ್ಲ.

ಕೊಡಗನ್ನಾಳಿದ ಹಾಲೇರಿ ವಂಶದವರು ವೀರಶೈವರು, ಇಕ್ಕೇರಿಯ ನಾಯಕರ ಸಂಬಂಧಿಗಳು. 1834ರಲ್ಲಿ ಕಂಪೆನಿಯು ಚಿಕ್ಕವೀರರಾಜನನ್ನು ಪದಚ್ಯುತಗೊಳಿಸಿ ಕಾಶಿಗೆ ಕಳುಹಿಸಿತು. ಅವನ ಆಳ್ವಿಕೆಯ ಕ್ರೌರ್ಯವನ್ನು ಅಲ್ಲಗಳೆಯುವುದು ಸಾಧುವಲ್ಲ. ಆದರೆ ಅರಸನು ಹೋದುದಕ್ಕಿಂತ, ಅವನ ಹಿಂದೆ ಬಂದ ಕಂದಾಯದ ಕ್ರಮವೇ ರೈತನನ್ನು ಹೆಚ್ಚು ಬಾಧಿಸಿತು. ಅಮರ ಸುಳ್ಯ ಮತ್ತು ಪುತ್ತೂರು ಸೀಮೆಗಳನ್ನು ಕೊಡಗಿನಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಲಾಯಿತು. ಅರಸರ ಕಾಲದಲ್ಲಿ ಬೆಳೆದ ಧಾನ್ಯವನ್ನೇ ಅಳೆದು ಕಂದಾಯ ತೀರಿಸುತ್ತಿದ್ದ ಒಕ್ಕಲಿಗನು ಈಗ ನಗದು ಹಣವನ್ನೇ ಎಣಿಸಿಕೊಡಬೇಕಾಯಿತು. ಬೆಳೆಯನ್ನು ಅಗ್ಗಕ್ಕೆ ಮಾರಬೇಕು, ಇಲ್ಲವೆ ಸಾಲಗಾರನ ಬಾಗಿಲಿಗೆ ಹೋಗಬೇಕು. ಉಪ್ಪು, ಹೊಗೆಸೊಪ್ಪುಗಳ ವ್ಯಾಪಾರವನ್ನು ಸರ್ಕಾರವು ತನ್ನ ಮುಷ್ಟಿಯಲ್ಲಿರಿಸಿಕೊಂಡುದು ಗಾಯದ ಮೇಲಿನ ಬರೆಯಾಯಿತು.

ಈ ಅಸಮಾಧಾನಕ್ಕೆ ಧ್ವನಿಯಾದವರು ಜಂಗಮರು. ಮೊದಲು ಅಪರಂಪಾರಸ್ವಾಮಿ, ಬಳಿಕ ಕಲ್ಯಾಣಸ್ವಾಮಿ, ಹಾಲೇರಿ ಮನೆತನದ ಕುಡಿಗಳೆಂದು ಹೇಳಿಕೊಂಡು ಊರೂರು ಸಂಚರಿಸಿದರು. ಇಬ್ಬರೂ ಸೆರೆಸಿಕ್ಕರು. ಆಗ ಶನಿವಾರಸಂತೆಯ ಕಡೆಯ ಪುಟ್ಟಬಸಪ್ಪನೆಂಬಾತನು ಕಾವಿಯುಟ್ಟು, ಸೆರೆಯಲ್ಲಿದ್ದ ಕಲ್ಯಾಣಸ್ವಾಮಿಯೇ ತಾನೆಂದು ಕಾಣಿಸಿಕೊಂಡನು. ಕೆದಂಬಾಡಿ ರಾಮಯ್ಯಗೌಡ, ಗುಡ್ಡೆಮನೆ ಅಪ್ಪಯ್ಯಗೌಡ, ಲಕ್ಷ್ಮಪ್ಪ ಬಂಗರಸ ಮೊದಲಾದವರು ಅವನೊಡನೆ ನಿಂತರು. ಗೌಡರು, ಜೈನರು, ಬಂಟರು ಒಬ್ಬ ಜಂಗಮನ ಹೆಸರಿನಡಿ ಒಂದಾದುದು ಸಾಮಾನ್ಯ ಸಂಗತಿಯಲ್ಲ. ಬೆಳ್ಳಾರೆಯ ಖಜಾನೆ ಮೊದಲು ಕೈವಶವಾಯಿತು. ಕಂದಾಯದ ಹೊರೆ ಇಳಿಸುವುದಾಗಿ ಸಾರುವ ನಿರೂಪಗಳು ಗ್ರಾಮಗಳಿಗೆ ಹೊರಟವು. ಪುತ್ತೂರಿನ ಮಾರ್ಗವಾಗಿ ದಂಡು ಮಂಗಳೂರನ್ನು ತಲುಪಿ ಸೆರೆಮನೆಯ ಬಾಗಿಲನ್ನು ತೆರೆಯಿತು.

ವೇಷವನ್ನು ಶರಣರಷ್ಟು ನಿಷ್ಠುರವಾಗಿ ಖಂಡಿಸಿದವರು ವಿರಳ. ಆಚಾರವಿಲ್ಲದ ಲಾಂಛನವನ್ನು ಅವರು ಮನ್ನಿಸಲಿಲ್ಲ. ಆ ಒರೆಗಲ್ಲಿಗೆ ಹಚ್ಚಿದಾಗ ಪುಟ್ಟಬಸಪ್ಪನ ನಡೆಯಲ್ಲಿ ದೋಷವಿಲ್ಲವೆನ್ನಲಾಗದು. ತಾನಲ್ಲದವನನ್ನು ತಾನೆಂದು ನಂಬಿಸಿದುದು ಅಸತ್ಯವೇ ಸರಿ. ಆ ನಂಬಿಕೆಯಿಂದ ಹೊರಟ ಅನೇಕರು ಮನೆಗೆ ಮರಳಲಿಲ್ಲ. ಅವನನ್ನು ಕೊಂಡಾಡುವ ಉತ್ಸಾಹದಲ್ಲಿ ಇದನ್ನು ಮರೆಮಾಚುವುದು ತರವಲ್ಲ. ಆದರೆ ವೇಷವನ್ನು ಶರಣರು ಹಳಿದುದು ಅದು ಹೊಟ್ಟೆಪಾಡಿನ ಉಪಾಯವಾದಾಗ. ಪುಟ್ಟಬಸಪ್ಪನು ಈ ಹೆಸರಿನಿಂದ ಪಡೆದುದು ಕಾಣಿಕೆಯನ್ನಲ್ಲ, ನೇಣನ್ನು. ಸೆರೆಯಲ್ಲಿದ್ದವನ ಹೆಸರು ಅವನೊಡನೆಯೇ ಸೆರೆಯಾಗದಿರಲೆಂದು ಇನ್ನೊಬ್ಬನು ಅದನ್ನು ಹೊತ್ತನೆಂಬ ವ್ಯಾಖ್ಯಾನವು ವಂಚಕನೆಂಬ ತೀರ್ಪಿಗಿಂತ ಘಟನೆಗಳಿಗೆ ಹೆಚ್ಚು ಹೊಂದುತ್ತದೆ.

ಕಣ್ಣೂರಿನಿಂದಲೂ ಮುಂಬಯಿಯಿಂದಲೂ ಸೈನ್ಯವು ಸಮುದ್ರಮಾರ್ಗವಾಗಿ ಬಂದಾಗ ರೈತರ ದಂಡು ಬಹುಕಾಲ ನಿಲ್ಲಲಾರದೆ ಹೋಯಿತು. ಇತ್ತ ಕೊಡಗಿನಲ್ಲಿ ದಿವಾನ ಬೋಪು ಮೊದಲಾದವರು ಕಂಪೆನಿಯ ಪಕ್ಷ ವಹಿಸಿದರು. ಬಂದೂಕಿನ ಬಲದಿಂದ ನಡೆದ ಈ ಮರು ಆಕ್ರಮಣಕ್ಕೆ ಶಾಂತಿಸ್ಥಾಪನೆಯೆಂದೂ ರೈತರ ಏಳಿಗೆಗೆ ದಂಗೆಯೆಂದೂ ಹೆಸರಾಯಿತು. ಜನರ ಬಾಯಲ್ಲಿಯೂ ಅದು ಬಹುಕಾಲ 'ಕಲ್ಯಾಣಪ್ಪನ ಕಾಟಕಾಯಿ'ಯಾಗಿಯೇ, ಎಂದರೆ ಒಂದು ಕೊಳ್ಳೆಯಾಗಿಯೇ ಉಳಿಯಿತು. ಗೆದ್ದವರ ಮಾತು ಸೋತವರ ನಾಲಗೆಯಲ್ಲಿ ನೆಲೆಸುವ ಬಗೆ ಇದು. ನಿರಂಜನರು 'ಕಲ್ಯಾಣಸ್ವಾಮಿ' ಕಾದಂಬರಿಯಲ್ಲಿ ಈ ಬಂಡಾಯವನ್ನೇ ವಸ್ತುವಾಗಿಸಿದರು; ಅಮರ ಸುಳ್ಯದ ಸ್ವಾತಂತ್ರ್ಯ ಸಮರವೆಂಬ ಹೆಸರು ಈಚಿನ ದಶಕಗಳಲ್ಲಿ ರೂಢಿಗೆ ಬಂದಿದೆ. 2022ರಲ್ಲಿ ರಾಮಯ್ಯಗೌಡನ ಪ್ರತಿಮೆ ಬಾವುಟಗುಡ್ಡದಲ್ಲಿ ಅನಾವರಣಗೊಂಡಿತು.

ಪುಟ್ಟಬಸಪ್ಪನನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಲಾಯಿತು. ಅಪ್ಪಯ್ಯಗೌಡನನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ನೇಣಿಗೆ ಹಾಕಿದರು. ದಂಗೆಯನ್ನಡಗಿಸಲು ನೆರವಾದವರಿಗೆ ಕಂಪೆನಿಯು ಚಿನ್ನದ ಮತ್ತು ಬೆಳ್ಳಿಯ ಪದಕಗಳನ್ನು ಹಂಚಿತು. ಆ ಪದಕಗಳ ಒಂದು ಮುಖದಲ್ಲಿ ಇಂಗ್ಲಿಷ್ ಬರಹವಿದೆ. ಮತ್ತೊಂದರಲ್ಲಿ ಕನ್ನಡ ಅಕ್ಷರಗಳಿವೆ.