ತಲೆ ಸಿಗದ ಡೈನೋಸಾರ್

ನೆಂಟರು ಬಂದರೆ ನಾವು ಹೈದರಾಬಾದಿನಲ್ಲಿ ಮೊದಲು ತೋರಿಸುವುದು ಚಾರ್ಮಿನಾರ್. ಅದು 1591ರದ್ದು. ನೌಬತ್ ಪಹಾಡಿನ ಬಿರ್ಲಾ ವಿಜ್ಞಾನ ಕೇಂದ್ರದಲ್ಲಿ ಅದಕ್ಕಿಂತ 17-18 ಕೋಟಿ ವರ್ಷ ಹಿರಿಯನೊಬ್ಬ ನಿಂತಿದ್ದಾನೆ. ಹೆಸರು ಕೋಟಾಸಾರಸ್ ಯಾಮನ್‌ಪಲ್ಲಿಯೆನ್ಸಿಸ್. ಬಾಯಿ ತಿರುಗದಿದ್ದರೂ ಅದರಲ್ಲಿರುವುದು ಗೋದಾವರಿ ಸೀಮೆಯ ಎರಡು ಊರು: ಕಲ್ಲಿನ ಪದರಕ್ಕೆ ಹೆಸರು ಕೊಟ್ಟ ಕೋಟಾ, ಎಲುಬು ಸಿಕ್ಕ ಹಳೆಯ ಆದಿಲಾಬಾದ್ ಜಿಲ್ಲೆಯ ಯಾಮನ್‌ಪಲ್ಲಿ. 1988ರಲ್ಲಿ ಹೀಗೆ ಹೆಸರಿಟ್ಟವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಪಿ. ಯಾದಗಿರಿ.

ಮೊನ್ನೆ ಭಾನುವಾರ ಕ್ಯಾಮೆರಾ ಹಿಡಿದು ಹೋಗಿದ್ದೆ. ಎಲ್ಲರ ಮೊಬೈಲೂ ತಲೆಯ ಕಡೆಗೇ! ತಮಾಷೆ ನೋಡಿ, ಯಾಮನ್‌ಪಲ್ಲಿಯಲ್ಲಿ ಕನಿಷ್ಠ 12 ಪ್ರಾಣಿಗಳ ಎಲುಬು ಕಲಸಿಕೊಂಡು ಬಿದ್ದಿದ್ದವು, ಒಂದೆರಡು ಹಲ್ಲೂ ಸಿಕ್ಕವು, ತಲೆಬುರುಡೆ ಮಾತ್ರ ಸಿಗಲಿಲ್ಲ. ಸೊಪ್ಪು ತಿನ್ನುವ ಈ ಭಾರಿ ಪ್ರಾಣಿಗಳ ಬುರುಡೆ ಚಿಕ್ಕದು, ಎಲುಬು ತೆಳು. ಸತ್ತಮೇಲೆ ಬೇಗ ಕಳಚಿ ಹೋಗುವುದೂ ಅದೇ. ಹಾಗಾಗಿ ನಾವು ಫೋಟೋ ಹೊಡೆಯುವ ಮುಖ ಬಲ್ಲವರ ಊಹೆ. ಊಹೆಯೇನೋ ಸರಿ, ಪಕ್ಕದಲ್ಲೇ ದೊಡ್ಡಕ್ಷರದಲ್ಲಿ ಹಾಗೆಂದು ಬರೆದರೆ ಮಕ್ಕಳಿಗೆ ಇನ್ನೂ ಕುತೂಹಲ ಹುಟ್ಟೀತು. ನಾನಂತೂ ತೊಡೆಯೆಲುಬಿನ ಚಿತ್ರವನ್ನೇ ಹೆಚ್ಚು ತೆಗೆದೆ.

ನಮ್ಮ ಬೆಂಗಳೂರಿನ ಕಡೆ ಇಂಥದ್ದು ಯಾಕೆ ಸಿಗುವುದಿಲ್ಲ ಅಂತೀರಾ? ಲಾಲ್‌ಬಾಗ್ ಬಂಡೆಗೇ ಸುಮಾರು 300 ಕೋಟಿ ವರ್ಷ. ಎಲುಬುಳ್ಳ ಜೀವಿ ಹುಟ್ಟುವ ಎಷ್ಟೋ ಮೊದಲೇ ಗಟ್ಟಿಯಾದ ಕಲ್ಲು ಅದು. ಗೋಲ್ಕೊಂಡದ ಬಂಡೆಯ ಕಥೆಯೂ ಅಷ್ಟೇ. ಎಲುಬು ಉಳಿಯಬೇಕಾದರೆ ಕೆಸರು, ಮರಳು ಬೇಗ ಮುಚ್ಚಬೇಕು. ಪ್ರಾಣಹಿತಾ-ಗೋದಾವರಿ ಕಣಿವೆ ಹಾಗೆ ಹೂಳು ತುಂಬಿದ ತಗ್ಗು.

ಅಂದ ಹಾಗೆ, ಇವನ ದಾಯಾದಿ ಬರಪಾಸಾರಸ್ ಸಿಕ್ಕಿದ್ದೂ ಇದೇ ಪದರದಲ್ಲಿ. ಈಗ ಕೋಲ್ಕತ್ತಾದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ನಿಂತಿದ್ದಾನೆ. ಅವನ ತಲೆಬುರುಡೆಯೂ ಸಿಕ್ಕಿಲ್ಲ.